ಜ್ವರಕ್ಕೆ ಮೈಕ್ ಹಿಡಿದವರು

ಆಸ್ಪತ್ರೆಯ ಎರಡನೇ ಮಹಡಿ, ಗಂಡಸರ ವಾರ್ಡಿನ ಹೊರಗಿನ ಬೆಂಚು
ತಾ. ೧೪, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಅಕ್ಕನ ಸಲಾಂ. ಹೇಗಿದ್ದೀಯ? ಸೊಂಟದ ನೋವು ಈಗ ಹೇಗಿದೆ? ಮೇಜಿನ ಮುಂದೆ ಕೊಕ್ಕೆಯ ಹಾಗೆ ಬಗ್ಗಿ ಕೂತು ಓದುವ ಚಾಳಿ ನಿನಗೆ ಚಿಕ್ಕಂದಿನಿಂದಲೂ ಇದೆ. ನೆಟ್ಟಗೆ ಕೂತ್ಕೋ ಎಂದು ಅಮ್ಮ ಬೆನ್ನಿಗೆ ಗುದ್ದಿದಷ್ಟೂ ನೀನು ಇನ್ನಷ್ಟು ಬಗ್ಗುತ್ತಿದ್ದೆ. ನಿನ್ನ ಹೆಂಡತಿಯ ಕೆಮ್ಮು ನಿಂತಿತೇ? ಮಗಳಿಗೆ ಮುಂದಿನ ಹಲ್ಲು ಬಂದಿರಬೇಕು, ಅವಳ ಫೋಟೋ ನೋಡಿ ಎಷ್ಟೋ ದಿನವಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಪುಸ್ತಕದ ಪಕ್ಕದಲ್ಲಿ ತಟ್ಟೆ ಒಣಗುತ್ತದೆಯೋ, ಅದನ್ನೂ ಬರೆ. ನಾನು ಚೆನ್ನಾಗಿದ್ದೇನೆ. ನಿನ್ನ ಭಾವನೂ ಚೆನ್ನಾಗಿದ್ದಾರೆ. ಇನ್ನು ಚೆನ್ನಾಗಿಲ್ಲದವರ ವಿಷಯಕ್ಕೆ ಬರುತ್ತೇನೆ.

ಫೋನು ಮಾಡಬಾರದಿತ್ತೇ ಎಂದು ನೀನು ಕೇಳುತ್ತೀಯ. ಮಾಡಿದೆ, ಬೆರಳು ಸವೆಯುವಷ್ಟು ಮಾಡಿದೆ. ನೀನು ಎತ್ತುವುದಿಲ್ಲ. ‘ಕ್ಲಾಸಿನಲ್ಲಿದ್ದೇನೆ’ ಎಂಬ ಒಂದು ಸಾಲು ಬರುತ್ತದೆ. ಶುಕ್ರವಾರವೂ ಕ್ಲಾಸು, ಭಾನುವಾರವೂ ಕ್ಲಾಸು, ನಿಮ್ಮ ವಿಶ್ವವಿದ್ಯಾಲಯದಲ್ಲಿ ಗೋಡೆಗಳಿಗೂ ಪಾಠ ಮಾಡುತ್ತೀರೇನೋ. ಹೋದ ವರ್ಷ ನಾನು ನಿನಗೆ ನಾಲ್ಕು ಮಾತು ಖಾರವಾಗಿ ಆಡಿದ್ದು ಇನ್ನೂ ನಿನ್ನ ಗಂಟಲಲ್ಲೇ ಇದೆ ಎಂದು ಕಾಣುತ್ತದೆ. ಅಣ್ಣನನ್ನು ಕೇಳಿದರೆ, ತನಗೂ ನೀನು ಸಿಗುತ್ತಿಲ್ಲ ಎನ್ನುತ್ತಾನೆ. ಅದಕ್ಕೇ ಕಾಗದ. ಇದನ್ನು ಮಧ್ಯದಲ್ಲಿ ಕಟ್ ಮಾಡಲು ನಿನಗೆ ಆಗುವುದಿಲ್ಲ. ನಮ್ಮ ಲ್ಯಾಬಿನಿಂದ ನಿಮ್ಮ ಊರಿನ ದೊಡ್ಡ ಲ್ಯಾಬಿಗೆ ರಕ್ತದ ಟ್ಯೂಬುಗಳ ಐಸ್ ಪೆಟ್ಟಿಗೆ ಒಯ್ಯುವ ಬಸ್ ಡ್ರೈವರ್ ಇದ್ದಾರಲ್ಲ, ಅವರು ಸಂಜೆ ಹೊರಡುತ್ತಾರೆ. ಬೆಳಿಗ್ಗೆ ನಿನ್ನ ಮನೆಗೇ ಬಂದು ಕೊಡುತ್ತೇನೆ ಎಂದಿದ್ದಾರೆ.

ವಿಷಯ ಇಷ್ಟು. ಅಪ್ಪ ಆಸ್ಪತ್ರೆಯಲ್ಲಿದ್ದಾರೆ. ಬಲಗಾಲಿನ ಪಾದ ಕೊಳೆತುಹೋಗಿದೆ. ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳಿನ ಪಕ್ಕ ಒಂದು ಗಾಯ, ಅದರ ಜೊತೆಗೆ ಆ ಹಾಳು ಸಕ್ಕರೆ ಕಾಯಿಲೆ, ಅದರ ಜೊತೆಗೆ ನಾನು ಕೆಳಗೆ ಬರೆಯಲಿರುವ ಹೇಸಿಗೆ. ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದು ಸರ್ಜನ್ ಹೇಳಿದ್ದಾರೆ. ಗುರುವಾರ ಬೆಳಿಗ್ಗೆ ಮೀರಿದರೆ ವಿಷ ಮೇಲಕ್ಕೆ ಹತ್ತುತ್ತದೆ, ಆಮೇಲೆ ಕಾಲಿನ ಮಾತಲ್ಲ, ಪ್ರಾಣದ ಮಾತು ಎಂದೂ ಹೇಳಿದ್ದಾರೆ. ಅಪ್ಪ ಒಪ್ಪುತ್ತಿಲ್ಲ. ಬೇಡ ಎನ್ನುವುದಿಲ್ಲ, ನೀನು ಬರಲಿ ಎನ್ನುತ್ತಾರೆ. ನೀನು ಬಂದು ಅವರ ಮಂಚದ ಪಕ್ಕ ಕೂರುವ ತನಕ ಸಹಿ ಹಾಕುವುದಿಲ್ಲವಂತೆ. ಹಾಗಾಗಿ ಬಾ. ಬೆಳಗಿನ ರೈಲು ಹಿಡಿದರೆ ಸಂಜೆ ಇಲ್ಲಿರುತ್ತೀಯ. ಬಾಕಿಯದನ್ನು ರೈಲಿನಲ್ಲಿ ಕೂತು ಓದು.

ನನಗೆ ಮೊದಲೇ ಏಕೆ ಗೊತ್ತಾಗಲಿಲ್ಲ ಎಂದು ನೀನು ಹುಬ್ಬು ಗಂಟಿಕ್ಕಬೇಡ. ನಮ್ಮ ಲ್ಯಾಬಿನ ಇನ್ನೊಬ್ಬಳು ಹೆರಿಗೆ ರಜೆಯಲ್ಲಿದ್ದಾಳೆ. ಇಬ್ಬರ ಕೆಲಸ ನಾನೊಬ್ಬಳೇ ಎಳೆಯುತ್ತಿದ್ದೆ. ಅಪ್ಪನನ್ನು ವಿಚಾರಿಸಲು ಫೋನು ಮಾಡಿದಾಗಲೆಲ್ಲ ಅಣ್ಣನೇ ಎತ್ತುತ್ತಿದ್ದ. ‘ಅಪ್ಪ ಏಕಾಂತದಲ್ಲಿದ್ದಾರೆ ಕಣೇ, ಯಾರನ್ನೂ ನೋಡಲ್ಲ’ ಎನ್ನುತ್ತಿದ್ದ. ಅಮ್ಮನೂ ಅದನ್ನೇ ಹೇಳಿದಳು. ನಂಬಿದೆ. ಅಪ್ಪ ಬರೆಯಲು ಕೂತರೆ ಬಾಗಿಲು ಹಾಕಿಕೊಳ್ಳುವುದು ನಮಗೇನು ಹೊಸದೇ? ನಾವು ಮೂವರೂ ಆ ಬಾಗಿಲಿನ ಹೊರಗೆ ಪಿಸುಮಾತಿನಲ್ಲಿ ಜಗಳವಾಡುತ್ತಲೇ ಬೆಳೆದವರು. ಆದರೆ ಹೋದ ವಾರ ಬಟ್ಟೆ ಅಂಗಡಿಯವರು ರಕ್ತ ಪರೀಕ್ಷೆಗೆ ನಮ್ಮ ಲ್ಯಾಬಿಗೆ ಬಂದರು. ತೋಳು ಚಾಚಿ ಕೂತವರು ನನ್ನ ಮುಖ ನೋಡಿ ಕೈಮುಗಿದು, ‘ನಿಮ್ಮ ಮನೆ ಪುಣ್ಯದ ಮನೆ ತಾಯಿ, ನಿಮ್ಮ ತಂದೆ ಬಾಯಲ್ಲಿ ಮಾತು ಇಳೀತಾ ಇದೆ’ ಎಂದರು. ಅವರ ರಕ್ತ ತೆಗೆದು, ಪಟ್ಟಿ ಹಚ್ಚಿ, ಕೋಟು ಕಳಚಿ ನೇರವಾಗಿ ಮನೆಗೆ ಹೋದೆ.

ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಮೆಟ್ಟಿಲ ಮೇಲೆ ಜನ, ಮೇಲಿನ ಪಾಠದ ಕೋಣೆಯ ತುಂಬ ಜನ. ನಿನಗೆ ಗೊತ್ತಲ್ಲ ಆ ಕೋಣೆ, ಎರಡು ಗೋಡೆಗೆ ಪುಸ್ತಕ, ಒಂದು ಗೋಡೆಗೆ ಕಪ್ಪು ಹಲಗೆ, ಮಧ್ಯದಲ್ಲಿ ಅಪ್ಪನ ಮರದ ಕುರ್ಚಿ. ಕುರ್ಚಿ ಇದ್ದ ಕಡೆ ಈಗ ಮಂಚ ಹಾಕಿದ್ದರು. ಮಂಚದ ಮೇಲೆ ಅಪ್ಪ, ಕಣ್ಣು ಅರ್ಧ ತೆರೆದು, ತುಟಿ ಒಡೆದು, ಕೆನ್ನೆ ಕೆಂಡದ ಹಾಗೆ. ಅವರ ಅಂಗಿಯ ಕೊರಳಿಗೆ ಅಣ್ಣ ತನ್ನ ಅಂಗಡಿಯ ಕಾಲರ್ ಮೈಕ್ ಸಿಕ್ಕಿಸಿದ್ದ. ಮೂಲೆಯಲ್ಲೊಂದು, ಮೆಟ್ಟಿಲ ಬುಡದಲ್ಲೊಂದು ಸ್ಪೀಕರ್. ಮದುವೆ ಮನೆಗೂ ಚುನಾವಣೆಗೂ ಬಾಡಿಗೆಗೆ ಕೊಡುವ ಅದೇ ಸ್ಪೀಕರ್ ತಮ್ಮಾ, ಪಕ್ಕದಲ್ಲಿ ಅವನ ಅಂಗಡಿಯ ಸ್ಟಿಕ್ಕರ್ ಸಹಿತ. ಅಪ್ಪನ ಏದುಸಿರು ಕೆಳಗಿನ ಹಾಲಿನಲ್ಲಿ ಗೊರಗೊರ ಎಂದು ಕೇಳುತ್ತಿತ್ತು. ಕೋಣೆಗೆಲ್ಲ ಗುಲಾಬಿ ವಾಸನೆಯ ಸ್ಪ್ರೇ ಹೊಡೆದಿದ್ದರು. ಆ ಗುಲಾಬಿಯ ಅಡಿಯಲ್ಲಿ ಇನ್ನೊಂದು ವಾಸನೆ. ದಿನವಿಡೀ ಕೀವು, ಕಫ, ಮಲಮೂತ್ರದ ಡಬ್ಬಿ ಮುಚ್ಚಳ ತೆಗೆಯುವವಳು ನಾನು, ಆ ವಾಸನೆಗೆ ಹೆಸರು ಕೇಳಬೇಕಾಗಿಲ್ಲ. ಹೊದಿಕೆ ಸರಿಸಿದೆ. ಪಾದದ ಮೇಲೆ ಯಾವುದೋ ಹಸಿರು ಬಟ್ಟೆ ಸುತ್ತಿದ್ದರು. ಬಟ್ಟೆ ಒದ್ದೆಯಾಗಿತ್ತು. ಅದನ್ನು ಬಿಚ್ಚಿದಾಗ ಎದುರು ಕೂತಿದ್ದ ದರ್ಜಿ ಮೂಗು ಮುಚ್ಚಿಕೊಂಡ. ಅಷ್ಟು ಹೊತ್ತು ಅಪ್ಪನ ಬಾಯಿಂದ ಬರುವ ಮಾತಿಗೆ ಕಿವಿಯೊಡ್ಡಿ ಕೂತವನು, ಅದೇ ದೇಹದ ಕಾಲಿಗೆ ಮೂಗು ಮುಚ್ಚಿಕೊಂಡ.

ಡಾಕ್ಟರನ್ನು ಏಕೆ ಕರೆಸಲಿಲ್ಲ ಎಂದು ಅಣ್ಣನನ್ನು ಕೇಳಿದೆ. ಕರೆಸಿದ್ದನಂತೆ. ಬೀದಿ ತಿರುವಿನ ಡಾಕ್ಟರ್ ಬಂದು ಜ್ವರದ ಮಾತ್ರೆ, ಆ್ಯಂಟಿಬಯಾಟಿಕ್ ಎರಡೂ ಕೊಟ್ಟಿದ್ದರಂತೆ. ಮಾತ್ರೆ ನುಂಗಿ ಜ್ವರ ಇಳಿಯಿತು. ಇಳಿದಾಗ ಅಪ್ಪ ನೀರು ಕೇಳಿದರು, ಬಚ್ಚಲಿಗೆ ಹೋಗಬೇಕು ಎಂದರು, ಇವರೆಲ್ಲ ಯಾರು, ಯಾಕೆ ಬಂದಿದ್ದಾರೆ ಎಂದರು. ಕೂತವರಿಗೆ ನಿರಾಸೆಯಾಯಿತು. ಅಷ್ಟಕ್ಕೆ ಅಣ್ಣ ಮಾತ್ರೆಗಳನ್ನು ಎತ್ತಿ ಬೀರುವಿನ ಮೇಲಿಟ್ಟ. ‘ಜ್ವರ ಇಳಿದ್ರೆ ಮಾತು ನಿಂತುಹೋಗುತ್ತೆ ಕಣೇ. ಅಪ್ಪ ಮಾತಾಡ್ತಿಲ್ಲ, ಅಪ್ಪನ ಮೂಲಕ ಬರ್ತಿದೆ. ನಾನೇನು ವಹಿ ಅಂತ ಹೇಳ್ತಿಲ್ಲ, ಕೊನೇ ಪ್ರವಾದಿ ಜೊತೆಗೇ ಅದರ ಬಾಗಿಲು ಮುಚ್ಚಿದೆ ಅಂತ ನಂಗೂ ಗೊತ್ತು. ಇದು ಇಲ್ಹಾಮ್. ಬಾಗಿಲು ಮುಚ್ಚಿದ್ರೂ ಕಿಟಕಿ ಇದೆ’ ಎಂದ. ಪ್ರವಾದಿಗಳಿಗೆ ಇಳಿಯುವುದು ವಹಿ, ದೇವರ ಪ್ರೀತಿಪಾತ್ರರ ಎದೆಗೆ ಹೊಳೆಯುವುದು ಇಲ್ಹಾಮ್ ಎಂಬ ವ್ಯತ್ಯಾಸವನ್ನು ಅಪ್ಪ ಒಂದಿಡೀ ಮಳೆಗಾಲ ಪಾಠ ಮಾಡಿದ್ದರು. ಆಗ ಇವನು ಕೆಳಗೆ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದ, ಮೇಲೆ ಕಾಲಿಟ್ಟವನಲ್ಲ. ಎರಡು ಪದ ಮಾತ್ರ ಎಲ್ಲಿಂದಲೋ ಹೆಕ್ಕಿಕೊಂಡು, ಅದರಿಂದ ತನ್ನ ಅಪ್ಪನ ಮಾತ್ರೆ ಬಚ್ಚಿಡಲು ಒಂದು ನ್ಯಾಯ ಮಾಡಿಕೊಂಡಿದ್ದ.

ಅಮ್ಮ ಇದಕ್ಕೆ ಹೇಗೆ ಒಪ್ಪಿದಳು ಎಂದು ನೀನು ಕೇಳುವೆ. ನಾನೂ ಅವಳನ್ನೇ ಮೊದಲು ಬೈದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ‘ಇಷ್ಟು ವರ್ಷ ಮೇಲೆ ಕೂತು ಊರ ಮಕ್ಕಳಿಗೆಲ್ಲ ಮಾತಾಡಿದ್ರು, ನಂಗೆ ಮಾತ್ರ ಉಪ್ಪು ಕಡಿಮೆ, ಬಾಗಿಲು ಹಾಕು, ಅಷ್ಟೇ. ಈಗ ಜನ ಬಂದು ನನ್ನ ಕಾಲ ಹತ್ರ ಕೂತ್ಕೊಂಡು ನೀವು ಅವರ ಸೇವೆ ಮಾಡಿದ ಫಲ ಅಂತಾರೆ’ ಎಂದಳು. ನನಗೆ ಕಣ್ಣೀರು ಬಂತು, ಅದರ ಜೊತೆಗೇ ಸಿಟ್ಟೂ ಬಂತು. ಯಾರೋ ಒಬ್ಬ ನಿವೃತ್ತ ಗುಮಾಸ್ತ ಅವಳನ್ನು ಅಮ್ಮನವರೇ ಎಂದು ಕರೆದದ್ದಕ್ಕೆ ಗಂಡನ ಕಾಲು ಕೊಳೆಯುವುದನ್ನು ಗುಲಾಬಿ ಸ್ಪ್ರೇಯಲ್ಲಿ ಮುಚ್ಚಿದಳಲ್ಲ ನಮ್ಮಮ್ಮ. ಅವಳ ಮೇಲೆ ಹೆಚ್ಚು ಹೊತ್ತು ಸಿಟ್ಟು ಇಟ್ಟುಕೊಳ್ಳಲು ನನಗೆ ಆಗುವುದಿಲ್ಲ, ನಿನಗೆ ಗೊತ್ತು.

ಈಗ ನಿನಗೆ ಮಾತ್ರ ಅರ್ಥವಾಗುವ ಭಾಗಕ್ಕೆ ಬರುತ್ತೇನೆ. ಅಪ್ಪ ಜ್ವರದಲ್ಲಿ ಏನು ಹೇಳುತ್ತಿದ್ದರು ಎಂದು ನಾನೂ ನಿಂತು ಕೇಳಿದೆ. ‘ಹೇಳುವವರು ಹೇಳ್ತಾರೆ, ಬಾಗಿಲು ಮುಚ್ಚಿಲ್ಲ. ಮೇಲಿನ ಬುದ್ಧಿಯಿಂದ ಬೆಳಕು ಯಾವಾಗ್ಲೂ ಸುರೀತಾನೇ ಇದೆ. ಹಿಡಿಯೋ ಪಾತ್ರೆ ಶುದ್ಧವಾಗಿದ್ರೆ ಸಾಕು. ಮೇಲಿಂದ ಬರೋದು ಅರ್ಥ, ಮಾತಲ್ಲ. ಮಾತು ಅನ್ನೋದು ಪ್ರವಾದಿಯ ಕಲ್ಪನೆ ಹೊಲಿದು ತೊಡಿಸೋ ಅಂಗಿ.’ ಕೂತವರೆಲ್ಲ ತಲೆದೂಗಿದರು. ದರ್ಜಿಯಂತೂ ತನ್ನ ಕಸುಬಿನ ಹೆಸರು ಬಂದಿತೆಂದು ಕಣ್ಣೊರೆಸಿಕೊಂಡ. ಇದು ಅಪ್ಪನ ಮಾತೇ ಅಲ್ಲವಲ್ಲ. ಇದು ಹಳೆಯ ತತ್ವಜ್ಞಾನಿಗಳ ವಾದ, ಅಪ್ಪ ಜೀವನವಿಡೀ ಯಾವುದರ ವಿರುದ್ಧ ಪಾಠ ಮಾಡಿದರೋ ಅದೇ ವಾದ. ಅವರ ಪದ್ಧತಿ ನೆನಪಿದೆಯಲ್ಲ? ಎದುರಿನವರ ಮಾತನ್ನು ಮೊದಲು ಹೇಳಬೇಕು, ಅವರಿಗಿಂತ ಚೆನ್ನಾಗಿ ಹೇಳಬೇಕು, ಕೇಳಿದವನು ಹೌದಲ್ಲ ಎಂದು ಒಲಿದುಹೋಗುವಷ್ಟು ಚೆನ್ನಾಗಿ. ಅರ್ಧ ಪಾಠ ಅದಕ್ಕೇ ಹೋಗುತ್ತಿತ್ತು. ‘ಹೇಳುವವರು ಹೇಳ್ತಾರೆ’ ಎಂದು ಶುರುಮಾಡಿ, ಎದುರಿನವರ ಕೋಟೆ ಕಟ್ಟಿ ನಿಲ್ಲಿಸಿ, ಆಮೇಲೆ ಬಾಯಿ ಮುಚ್ಚಿ ಕೂರುತ್ತಿದ್ದರು. ವಿದ್ಯಾರ್ಥಿಗಳಲ್ಲಿ ಒಬ್ಬನಾದರೂ ‘ನಾನು ಒಪ್ಪಲ್ಲ’ ಎನ್ನದ ಹೊರತು ತಮ್ಮ ಉತ್ತರ ಶುರುಮಾಡುತ್ತಿರಲಿಲ್ಲ. ಯಾರೂ ಎನ್ನದಿದ್ದರೆ ಪುಸ್ತಕ ಮುಚ್ಚಿ, ಇವತ್ತು ಅವರೇ ಗೆದ್ದರು ಎಂದು ಎದ್ದುಹೋಗುತ್ತಿದ್ದರು. ಒಂದು ಸಲ ಹಾಗೆ ಮೂರು ದಿನ ಎದುರಿನವರೇ ಗೆದ್ದು, ನಾಲ್ಕನೇ ದಿನ ನೀನು, ಇನ್ನೂ ಮೀಸೆ ಬಾರದವನು, ಹಿಂದಿನಿಂದ ಎದ್ದು ನಿಂತೆ. ಅಂದಿನಿಂದ ಅಪ್ಪ ನಿನ್ನನ್ನು ‘ಆಕ್ಷೇಪ ಸಾಹೇಬರು’ ಎಂದೇ ಕರೆದರು. ನೀನು ದೊಡ್ಡವನಾಗಿ ಆ ಎದುರಿನವರ ಪಕ್ಷವನ್ನೇ ಹಿಡಿದು ಪುಸ್ತಕ ಬರೆದಾಗಲೂ, ‘ಅವರಿಗೊಬ್ಬ ಒಳ್ಳೇ ವಕೀಲ ಬೇಕಿತ್ತು, ಸಿಕ್ಕ’ ಎಂದು ನಕ್ಕರು. ಅವತ್ತು ಊಟ ಮಾತ್ರ ಅರ್ಧಕ್ಕೇ ಬಿಟ್ಟರು.

ಜ್ವರದಲ್ಲಿ ಅಪ್ಪ ಪಾಠ ಮಾಡುತ್ತಿದ್ದರು ತಮ್ಮಾ, ಅಷ್ಟೇ. ಪಾಠದ ಮೊದಲ ಅರ್ಧ. ಇವರೆಲ್ಲ ಅದನ್ನು ಮೇಲಿನಿಂದ ಬಂದ ಮಾತು ಎಂದುಕೊಂಡು ಮೊಬೈಲಿನಲ್ಲಿ ತುಂಬಿಕೊಳ್ಳುತ್ತಿದ್ದರು. ‘ಹೇಳುವವರು’ ಎಂದರೆ ದೇವದೂತರು ಎಂದು ನಿವೃತ್ತ ಗುಮಾಸ್ತ ವಿವರಣೆ ಕೊಟ್ಟನಂತೆ. ದೇವರ ಮಾತು ಸೃಷ್ಟಿಯೋ ಅನಾದಿಯೋ ಎಂಬ ಹಳೆಯ ಜಗಳವೂ ನಡುವೆ ಬಂದಿತ್ತು. ಅದರಲ್ಲೂ ಎದುರಿನವರ ಪಾಳಿ. ದೇವರೂ ಅನಾದಿ, ಅವನ ಮಾತೂ ಅನಾದಿ ಎಂದರೆ ಇಬ್ಬರು ಅನಾದಿಗಳಾದ ಹಾಗಾಯಿತು, ಎರಡು ಇರುವುದಕ್ಕೆ ಸಾಧ್ಯವಿಲ್ಲ ಎಂಬ ವಾದ. ಬಟ್ಟೆ ಅಂಗಡಿಯವರು ಅದರಲ್ಲಿ ‘ಎರಡು ಇರುವುದಕ್ಕೆ ಸಾಧ್ಯವಿಲ್ಲ’ ಎಂಬಷ್ಟನ್ನೇ ಕೇಳಿಸಿಕೊಂಡು ಮನೆಗೆ ಹೋಗಿ, ಮಾರನೆಯ ದಿನವೇ ತಮ್ಮ ಪಾಲುದಾರನನ್ನು ಅಂಗಡಿಯಿಂದ ಹೊರಗೆ ಹಾಕಿದರು. ಆ ಪಾಲುದಾರ ಅವರ ಸ್ವಂತ ಭಾಮೈದ. ಇದನ್ನು ನಗುತ್ತಾ ಹೇಳಬಹುದಾದ ಕಾಲ ಮುಂದೆ ಬರಬಹುದು. ಈಗ ನನಗೆ ಉಗುಳುವಷ್ಟು ಅಸಹ್ಯ. ಒಂದು ಜೀವ ಬೇಯುತ್ತಿದೆ, ಅದರ ಸುತ್ತ ಕೂತು ಒಬ್ಬ ತನ್ನ ಅಂಗಡಿ ಕೇಳುತ್ತಾನೆ, ಒಬ್ಬ ಮಗಳ ಮದುವೆ ಕೇಳುತ್ತಾನೆ, ಒಬ್ಬ ಬರೀ ಊಟದ ಹೊತ್ತಿನ ತನಕ ಕೂರಲು ಜಾಗ ಸಿಕ್ಕಿತೆಂದು ಕೂತಿರುತ್ತಾನೆ. ಒಬ್ಬನಾದರೂ ಒಂದು ಲೋಟ ನೀರು ಎತ್ತಿ ಆ ಒಡೆದ ತುಟಿಗೆ ಹಿಡಿಯಲಿಲ್ಲ. ಮೈಕ್ ಒದ್ದೆಯಾಗುತ್ತದೆ ಎಂದು ಹೆದರಿದರೇನೋ.

ನಾನು ಚಿಕ್ಕವಳಿದ್ದಾಗ ಒಮ್ಮೆ ಅಪ್ಪನನ್ನು ಕೇಳಿದ್ದೆ, ಗ್ರಂಥ ನೀರಿಗೆ ಬಿದ್ದು ಅಕ್ಷರ ಕರಗಿದರೆ ದೇವರ ಮಾತೂ ಕರಗುತ್ತದೆಯೇ ಎಂದು. ಅವರು ಕಪ್ಪು ಹಲಗೆಯ ಮೇಲೆ ಎರಡು ಕೂಡಿಸು ಎರಡು ನಾಲ್ಕು ಎಂದು ಬರೆದು, ಬಟ್ಟೆಯಿಂದ ಒರೆಸಿ, ‘ಈಗ ಎಷ್ಟಾಯ್ತು?’ ಎಂದರು. ನಾಲ್ಕೇ ಎಂದೆ. ‘ಹಾಗೆ. ಮಸಿ ಸೃಷ್ಟಿ, ಕಾಗದ ಸೃಷ್ಟಿ, ಓದೋ ನನ್ನ ಗಂಟಲೂ ಸೃಷ್ಟಿ. ಓದಿದ್ದು ಮಾತ್ರ ನನ್ನದಲ್ಲ, ನನ್ನ ಗಂಟಲು ಕೆಟ್ಟರೆ ಅದು ಕೆಡಲ್ಲ’ ಎಂದರು. ಅಷ್ಟು ಎಚ್ಚರದಿಂದ ತನ್ನ ಗಂಟಲನ್ನೂ ದೇವರ ಮಾತನ್ನೂ ಬೇರೆ ಬೇರೆ ಇಟ್ಟುಕೊಂಡ ಮನುಷ್ಯನ ಗಂಟಲಿಗೇ ಇವರು ಮೈಕ್ ಸಿಕ್ಕಿಸಿ, ಇದೇ ಅದು ಎಂದರಲ್ಲ. ಸತ್ತ ಮೇಲೆ ಮಾಡುವ ಅವಮಾನವನ್ನು ಬದುಕಿರುವಾಗಲೇ ಮಾಡಿದರು.

ಆಮೇಲೆ ಏನಾಯಿತು ಕೇಳು. ಅಪ್ಪ ಹೇಳುವುದನ್ನು ನಿಲ್ಲಿಸಿದರು. ಕಣ್ಣು ಬಾಗಿಲ ಕಡೆಗೆ ಹೊರಳಿತು. ಪ್ರತಿಸಲವೂ ಹೀಗೇ ಆಗುತ್ತದೆ, ಇದು ಮೌನದ ಘಳಿಗೆ, ಈಗ ಯಾರೂ ಅಲುಗಾಡಬಾರದು ಎಂದು ಅಣ್ಣ ನನ್ನ ಕಿವಿಯಲ್ಲಿ ಹೇಳಿದ. ಅಪ್ಪನ ಮುಖ ನೋಡಿದೆ. ಅದು ಮೌನವಲ್ಲ, ಕಾಯುವುದು. ದಿನಗಟ್ಟಲೆ ಆ ಮನುಷ್ಯ ಕಾಯುತ್ತಿದ್ದರು. ಪಾಠ ಅರ್ಧಕ್ಕೆ ನಿಂತಿದೆ, ಹಿಂದಿನ ಸಾಲಿನಿಂದ ಯಾರೂ ಏಳುತ್ತಿಲ್ಲ, ಮತ್ತೆ ಮೊದಲಿನಿಂದ ಶುರು. ಆ ಕೋಣೆಯಲ್ಲಿ ನಾನು ಯಾವತ್ತೂ ಎದ್ದು ನಿಂತವಳಲ್ಲ, ಬಾಗಿಲ ಪರದೆಯ ಹಿಂದೆ ಕೂತು ಕೇಳಿದವಳು. ಆದರೂ ಗಟ್ಟಿಯಾಗಿಯೇ ಹೇಳಿದೆ, ನಾನು ಒಪ್ಪಲ್ಲ ಎಂದು.

ಅಣ್ಣ ನನ್ನ ತೋಳು ಹಿಡಿದ. ಅಪ್ಪನ ಮುಖ ಮಾತ್ರ ಬೆಳಗಿತು. ನಿಜವಾಗಿ ಹೇಳುತ್ತೇನೆ, ಮುದುಕನಂತಿದ್ದ ಮುಖದಿಂದ ಹತ್ತು ವರ್ಷ ಇಳಿದುಹೋಯಿತು. ‘ಹಾಂ. ಅಂಗಿ ಬೇರೆ ಮೈ ಬೇರೆ ಅನ್ನೋದಾದ್ರೆ ಅಂಗಿ ಬದಲಾಯಿಸೋ ಹಕ್ಕು ದರ್ಜಿಗೆ ಬಂತು. ಆಮೇಲೆ ಪ್ರತಿಯೊಬ್ಬನೂ ತನ್ನ ಅಳತೆಗೆ ಹೊಲಿಸ್ಕೋತಾನೆ. ಅರ್ಥ ಮಾತು ಎರಡೂ ಒಟ್ಟಿಗೇ ಇಳೀತು, ಅದಕ್ಕೇ ಅದನ್ನ ಯಾರೂ ತನ್ನ ಕಡೆಗೆ ಎಳೆಯೋ ಹಾಗಿಲ್ಲ. ಮತ್ತೆ ಕೇಳು, ಕಲ್ಪನೆ ಬಲವಾಗಿದ್ರೆ ಸಾಕು ಅಂದ್ರೆ ಜ್ವರ ಬಂದೋರಿಗೆಲ್ಲ ಬರಬೇಕಿತ್ತು. ವಹಿ ಬಂದಾಗ ಪ್ರವಾದಿಗಳು ನಡುಗ್ತಾ ಮನೆಗೆ ಬಂದ್ರು, ಹೊದಿಸಿ ಅಂದ್ರು. ಬೇಕು ಅಂತ ಕರೆಸಿಕೊಂಡದ್ದಲ್ಲ. ಭಾರ ಮೊದಲು ಅವರ ಹೆಗಲ ಮೇಲೇ ಬಿತ್ತು. ಸುತ್ತ ಕೂತೋರಿಗೆ ಲಾಭ ತರೋದು ಬೇರೆ ಏನೋ, ಅದು ವಹಿನೂ ಅಲ್ಲ, ಇಲ್ಹಾಮೂ ಅಲ್ಲ.’ ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು. ಅಣ್ಣ ಗುಂಡಿ ಒತ್ತಿ ಮೈಕ್ ಆರಿಸಿಬಿಟ್ಟ. ‘ಸಂಪರ್ಕ ಕಡಿದುಹೋಯ್ತು, ಇದು ಬರೀ ಜ್ವರದ ಬಡಬಡಿಕೆ’ ಎಂದು ಜನರಿಗೆ ಹೇಳಿದ. ಇಷ್ಟು ದಿನಗಳ ಜ್ವರದಲ್ಲಿ ಅಪ್ಪ ತಮ್ಮ ಸ್ವಂತ ಮಾತೆಂದು ಆಡಿದ್ದು ಇದೊಂದೇ, ಅದು ಬಡಬಡಿಕೆಯಾಯಿತು. ಜನ ಗೊಣಗುತ್ತಾ ಚಪ್ಪಲಿ ಹುಡುಕತೊಡಗಿದರು. ಆ ಗದ್ದಲದಲ್ಲೇ ನಾನು ಆಂಬುಲೆನ್ಸ್ ಕರೆಸಿದೆ. ಸ್ಟ್ರೆಚರ್ ಇಳಿಸುವಾಗ ಮೆಟ್ಟಿಲಿಗೆ ಅಡ್ಡವಾಗಿದ್ದ ಸ್ಪೀಕರನ್ನು ಕಾಲಿನಿಂದ ಒದ್ದೆ. ಅದು ಉರುಳಿ ಒಡೆಯಿತು. ಅಣ್ಣ ಅದರ ಬಗ್ಗೆ ಮಾತೆತ್ತಿದರೆ ನೀನೂ ನನ್ನ ಪರ ನಿಲ್ಲಬೇಕು.

ಇಲ್ಲಿಗೆ ಬಂದ ಮೇಲೆ ಡ್ರಿಪ್ ಹಾಕಿದರು, ಜ್ವರ ಇಳಿಯಿತು. ನಮ್ಮ ಲ್ಯಾಬಿಗೇ ಕೀವಿನ ಮಾದರಿ ಬಂತು, ನಾನೇ ನೋಡಿದೆ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಆ ಗಾಜಿನ ಪಟ್ಟಿಯ ಮೇಲೆ ಏನಿತ್ತು ಎಂದು ನಿನಗೆ ವಿವರಿಸುವುದಿಲ್ಲ. ಮೊದಲ ವಾರದಲ್ಲೇ ಬಂದಿದ್ದರೆ ಒಂದು ಬೆರಳಿನಲ್ಲಿ ಮುಗಿಯುತ್ತಿತ್ತು ಎಂದು ಸರ್ಜನ್ ಹೇಳಿದರು. ಅಣ್ಣ ಅಲ್ಲೇ ಇದ್ದ, ಗೋಡೆಯ ಮೇಲಿನ ‘ಉಗುಳಬಾರದು’ ಫಲಕವನ್ನು ಬಹಳ ಹೊತ್ತು ಓದಿದ. ಅಪ್ಪನಿಗೆ ಬೆಳಗಿನ ಹೊತ್ತು ಪೂರ್ತಿ ಎಚ್ಚರ ಇರುತ್ತದೆ. ಕಾಲು ತೆಗೆಯುವ ವಿಷಯ ಹೇಳಿದಾಗ ಗಾಬರಿಯಾಗಲಿಲ್ಲ. ‘ನನ್ನ ಆಕ್ಷೇಪ ಸಾಹೇಬ್ರು ಬಂದ್ರಾ? ಅವನಿಗೆ ಕೊಡೋ ಉತ್ತರ ಅರ್ಧ ಉಳಿದಿದೆ. ಮೂಗಿಗೆ ಔಷಧಿ ಹಿಡಿದ ಮೇಲೆ ಏಳ್ತೀನೋ ಇಲ್ವೋ. ಅದು ಹೇಳಿ ಮುಗಿಸ್ತೀನಿ, ಆಮೇಲೆ ಏನು ಬೇಕಾದ್ರೂ ಕುಯ್ಕೊಳ್ಳಿ’ ಎಂದರು. ನನಗೆ ಹೇಳಿ ಅಪ್ಪ, ನಾನು ಅವನಿಗೆ ಮುಟ್ಟಿಸುತ್ತೇನೆ ಎಂದೆ. ‘ನೀನು ಆಗಲೇ ಒಪ್ಪಲ್ಲ ಅಂದ್ಯಲ್ಲ ಮಗಳೇ, ನಿಂಗೆ ಉತ್ತರ ಬೇಕಿಲ್ಲ. ಬೇಕಿರೋದು ಅವನಿಗೆ’ ಎಂದರು. ನಿನ್ನ ಪುಸ್ತಕದ ಮೇಲೆ ಸಿಟ್ಟಿಲ್ಲ ಅವರಿಗೆ. ನೀನು ಎದುರಿನವರ ಕೋಟೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ, ಉತ್ತರ ಕೇಳಲು ಹೊರಗೆ ಬರಲೇ ಇಲ್ಲ ಎಂಬ ಕೊರಗು ಅಷ್ಟೇ. ನಿನ್ನ ಹೆಸರೆತ್ತುವಾಗಲೆಲ್ಲ ಕಣ್ಣು ವಾರ್ಡಿನ ಬಾಗಿಲ ಕಡೆಗೇ ಹೋಗುತ್ತದೆ.

ಆದ್ದರಿಂದ ಬಾ. ವಾದದಲ್ಲಿ ನೀನು ಯಾವ ಪಕ್ಷವಾದರೂ ಇರು, ನನಗೆ ಅದು ಅರೆಕಾಸಿನ ವಿಷಯ. ಅವರ ಪಕ್ಕ ಕೂತು, ಅವರು ಹೇಳುವುದನ್ನು ಕೇಳಿಸಿಕೊಂಡು, ಬೇಕಾದರೆ ಎರಡು ಸಲ ಜಗಳವಾಡಿ, ಸಹಿ ಹಾಕಿಸು. ಕ್ಲಾಸು ಇದ್ದರೆ ಬಿಡು, ಒಂದು ದಿನ ಪಾಠವಿಲ್ಲದಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಬರುವಾಗ ಉಣ್ಣೆಯ ಕಾಲುಚೀಲ ತರಬೇಡ. ಅಪ್ಪನಿಗೆ ಚಳಿ ಎಂದರೆ ನೀನು ತರುವುದೇ ಅದು, ನನಗೆ ಗೊತ್ತು, ಈ ಸಲ ಬೇಡ.

ನಿನ್ನ ಹೆಂಡತಿಗೆ ನನ್ನ ಪ್ರೀತಿ. ಮಗಳ ಹೊಸ ಹಲ್ಲಿಗೆ ಅತ್ತೆಯ ಮುತ್ತು. ಅಲ್ಲಾಹನು ನಿನ್ನನ್ನು ದಾರಿಯಲ್ಲಿ ಸುಖವಾಗಿಟ್ಟು, ಹೊತ್ತಿಗೆ ಸರಿಯಾಗಿ ಇಲ್ಲಿಗೆ ಮುಟ್ಟಿಸಲಿ. ಅಮ್ಮ ನಿನ್ನ ತಲೆ ಸವರಿದೆ ಎಂದು ಬರೆ ಎಂದಳು.

ನಿನ್ನ ದಾರಿ ಕಾಯುವ,
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಣ್ಣ ಚಹಾದ ಫ್ಲಾಸ್ಕ್ ತಂದ. ಆಗ ವಾರ್ಡಿನ ಒಳಗೆ ಅಪ್ಪನ ಮಂಚದ ಪಕ್ಕದಲ್ಲೇ ಕೂತಿದ್ದೆವು, ಅಪ್ಪ ಮಲಗಿದ್ದಾರೆ ಎಂದುಕೊಂಡಿದ್ದೆವು. ನಿನ್ನ ವಿಳಾಸ ನೋಡಿ ಅಣ್ಣ ಅತ್ತುಬಿಟ್ಟ. ‘ಎಲ್ಲಾ ನನ್ನ ತಲೆಗೇ ಕಟ್ಟಬೇಡ ಕಣೇ. ಅವನು ನನ್ನ ಫೋನ್ ಎತ್ತಲ್ಲ ಅಂತ ನಿನಗೆ ಸುಳ್ಳು ಹೇಳ್ದೆ, ಅವನೇ ಹಾಗೆ ಹೇಳು ಅಂದಿದ್ದ. ಅಪ್ಪನ ಮಾತು ಶುರುವಾದಾಗ್ಲೇ ಅವನಿಗೆ ಫೋನಲ್ಲಿ ಕೇಳಿಸಿದ್ದೆ. ಕಾಲು ಕಪ್ಪಾಗ್ತಿದೆ, ಆಸ್ಪತ್ರೆಗೆ ಹಾಕ್ಲಾ ಅಂತಾನೂ ಕೇಳ್ದೆ. ಅದಕ್ಕೆ ಅವನು, ಅಪ್ಪ ಕೊನೆಗೂ ನನ್ನ ಪಕ್ಷಕ್ಕೆ ಬಂದ್ರು, ಇನ್ನೊಂದೆರಡು ದಿನ ಯಾರೂ ಅಡ್ಡ ಬರಬೇಡಿ, ಎಲ್ಲಾ ರೆಕಾರ್ಡ್ ಮಾಡಿ ಕಳಿಸಿ, ಮುಂದಿನ ಪುಸ್ತಕಕ್ಕೆ ಬೇಕು ಅಂದ’ ಎಂದ. ತಿರುಗಿ ನೋಡಿದರೆ ಅಪ್ಪ ಕಣ್ಣು ಬಿಟ್ಟುಕೊಂಡಿದ್ದರು. ಯಾವಾಗಿನಿಂದಲೋ ಗೊತ್ತಿಲ್ಲ. ನರ್ಸನ್ನು ಕರೆದು ಪೆನ್ನು ಕೇಳಿದರು. ಸಹಿ ಹಾಕಿ, ‘ಇನ್ನು ಯಾರಿಗೂ ಕಾಯೋದು ಬೇಡ, ಇವತ್ತೇ ತೆಗೆದುಬಿಡಿ’ ಎಂದರು. ಈಗ ತಾನೇ ಆಪರೇಷನ್ ಕೋಣೆಗೆ ಕರೆದುಕೊಂಡು ಹೋದರು. ಡ್ರೈವರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ, ಮೇಲೆ ‘ಬಾ’ ಎಂದು ಬರೆದದ್ದನ್ನೆಲ್ಲ ಹೊಡೆದುಹಾಕಲು ಹೊತ್ತಿಲ್ಲ. ನೀನು ಬರಬೇಡ.